ಹೊಸ ಇಸಿಯು ಕೊಳ್ಳುವ ಮುನ್ನ ಎಂಜಿನ್ನಿನ ತಂತಿಗಳನ್ನು ಎಣಿಸಿ

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಕೂರಿಸಿ, ಇಂಧನ ಚಿಮ್ಮಿಸುವ ದೊಡ್ಡ ಇಂಜೆಕ್ಟರ್ ಹಾಕಿಸಿ, ಕವಾಟಗಳನ್ನು ತೆರೆಯುವ ಕ್ಯಾಮ್ ಬದಲಿಸಿದ ಮೇಲೆ ಎಲ್ಲರೂ ಇಸಿಯು, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಹುಡುಕಲು ಹೊರಡುತ್ತಾರೆ. ಹುಡುಕುವ ಕ್ರಮ ಮಾತ್ರ ತಲೆಕೆಳಗು. ಗೆಳೆಯನ ಕಾರಿನಲ್ಲಿ ಯಾವ ಬ್ರ್ಯಾಂಡ್ ಇದೆ, ಯಾವುದರ ಜೊತೆ ಬಣ್ಣದ ಪರದೆ ಬರುತ್ತದೆ, ಯಾವುದಕ್ಕೆ ರಿಯಾಯಿತಿ ಇದೆ ಎಂದೆಲ್ಲ ವಿಚಾರಿಸಿ ಪೆಟ್ಟಿಗೆ ತರಿಸಿಕೊಳ್ಳುತ್ತಾರೆ. ಅದು ಬಂದಿಳಿದ ಮೇಲೆ, ‘ಪಿಸ್ಟನ್ ಎಲ್ಲಿದೆ ಎಂದು ಹೇಳುವ ನನ್ನ ಎಂಜಿನ್ನಿನ ಕ್ರ್ಯಾಂಕ್ ಸೆನ್ಸರ್ ಇದಕ್ಕೆ ಅರ್ಥವಾಗುತ್ತದೆಯೇ?’ ಎಂದು ಕೇಳುತ್ತಾರೆ. ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದು. ಬ್ರ್ಯಾಂಡ್ ಕೊನೆಯ ಮಾತು.

ಬೇಕಾಗುವ ಸಾಮಗ್ರಿ: ನಿಮ್ಮ ಎಂಜಿನ್ನಿನ ವೈರಿಂಗ್ ನಕ್ಷೆ, ಒಂದು ಮಲ್ಟಿಮೀಟರ್, ಒಂದು ಹಾಳೆ, ಪೆನ್ನು.

ಹೆಜ್ಜೆ 1: ನಿಜಕ್ಕೂ ಬೇಕೇ ನೋಡಿ

ಏರ್ ಫಿಲ್ಟರ್, ಎಕ್ಸಾಸ್ಟ್, ಸ್ವಲ್ಪ ಹೆಚ್ಚಿನ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ಇಷ್ಟೇ ಬದಲಾವಣೆಯಾಗಿದ್ದರೆ ಮತ್ತು ಕಂಪನಿಯ ಮೂಲ ಇಸಿಯುವನ್ನು ತೆರೆದು ಬರೆಯುವ ತಂತ್ರಾಂಶ ಲಭ್ಯವಿದ್ದರೆ, ಅದನ್ನೇ ಮರುಬರೆಸಿ. ಕಳ್ಳತನ ತಡೆಯುವ ಇಮ್ಮೊಬಿಲೈಸರ್, ಎಸಿ, ಡ್ಯಾಶ್‌ಬೋರ್ಡ್ ಎಲ್ಲವೂ ಮೊದಲಿನಂತೆಯೇ ಕೆಲಸ ಮಾಡುತ್ತವೆ. ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆಗಿದ್ದರಂತೂ ಬೇರೆ ಯೋಚನೆ ಮಾಡುವ ಮೊದಲು ಈ ದಾರಿಯನ್ನೇ ನೋಡಿ. ಆ ಇಂಜೆಕ್ಟರುಗಳನ್ನು ತೆರೆಯಲು ಬ್ಯಾಟರಿಯ 12 ವೋಲ್ಟ್ ಸಾಲದು, ಸುಮಾರು 65 ವೋಲ್ಟ್‌ಗೆ ಏರಿಸಿ ಕೊಡಬೇಕು. ಅಧಿಕ ಒತ್ತಡದ ಪಂಪನ್ನು ಕ್ಯಾಮ್ ತಿರುಗುವ ಲಯಕ್ಕೆ ಸರಿಯಾಗಿ ನಿಯಂತ್ರಿಸಬೇಕು. ಇದನ್ನು ಮಾಡಬಲ್ಲ ಸ್ವತಂತ್ರ ಇಸಿಯುಗಳು, ಅಂದರೆ ಮೂಲದ್ದನ್ನು ತೆಗೆದು ಅದರ ಬದಲಿಗೆ ಹಾಕುವಂಥವು, ಕೆಲವೇ ಕೆಲವು, ಅಗ್ಗದವಂತೂ ಅಲ್ಲ.

ಎಂಜಿನ್ನನ್ನೇ ಬದಲಿಸಿದ್ದರೆ, ಟರ್ಬೊ ಇಲ್ಲದ ಹಳೆಯ ಎಂಜಿನ್ನಿಗೆ ಟರ್ಬೊ ಸೇರಿಸಿದ್ದರೆ, ಮೂಲ ಇಸಿಯುವಿನ ಬೀಗ ಯಾರಿಂದಲೂ ತೆರೆಯಲಾಗದಿದ್ದರೆ ಸ್ವತಂತ್ರ ಇಸಿಯು ಬೇಕು. ಆದರೆ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವ ಕಾರಾದರೆ ಹೊಗೆ ತಪಾಸಣೆಯ ನಿಯಮವನ್ನು ಮೊದಲೇ ತಿಳಿದುಕೊಳ್ಳಿ. ತಪಾಸಣೆಯವರು ಕಾರಿನ ದೋಷಪತ್ತೆಯ ಓಬಿಡಿ ಸಾಕೆಟ್‌ಗೆ ಉಪಕರಣ ಚುಚ್ಚಿದಾಗ ಬಹುಪಾಲು ಸ್ವತಂತ್ರ ಇಸಿಯುಗಳು ಅವರು ಬಯಸುವ ಉತ್ತರ ಕೊಡುವುದಿಲ್ಲ.

ನಡುವೆ ಮೂರನೆಯದೊಂದು ಇದೆ, ಪಿಗ್ಗಿಬ್ಯಾಕ್. ಸೆನ್ಸರ್ ಮತ್ತು ಮೂಲ ಇಸಿಯು ನಡುವೆ ಕುಳಿತು ಸುಳ್ಳು ಸಂಕೇತ ಕೊಡುವ ಪೆಟ್ಟಿಗೆ. ಮೂಲ ಇಸಿಯು ದಡ್ಡನಲ್ಲ. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ನೀವು ಸೇರಿಸಿದ ಇಂಧನವನ್ನು ಅದು ಮೆಲ್ಲಗೆ ಕಳೆಯುತ್ತದೆ. ನನ್ನನ್ನು ಕೇಳಿದರೆ, ಬೇಡ.

ಹೆಜ್ಜೆ 2: ಟ್ಯೂನರ್ ಮೊದಲು, ಪೆಟ್ಟಿಗೆ ಆಮೇಲೆ

ಮೋಟೆಕ್, ಹಾಲ್ಟೆಕ್, ಲಿಂಕ್, ಇಸಿಯುಮಾಸ್ಟರ್, ಮ್ಯಾಕ್ಸ್‌ಇಸಿಯು, ಇವೆಲ್ಲ ಹೆಸರು ಮಾಡಿದ ಬ್ರ್ಯಾಂಡ್‌ಗಳೇ. ನಿಮ್ಮ ಕಾರನ್ನು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ, ಇಂಧನ ಎಷ್ಟು, ಕಿಡಿ ಯಾವಾಗ ಎಂದು ಇಸಿಯುವಿಗೆ ಹೇಳುವ ಕೋಷ್ಟಕವನ್ನು, ಅಂದರೆ ಮ್ಯಾಪ್, ಬರೆಯುವ ಟ್ಯೂನರಿಗೆ ಇವುಗಳಲ್ಲಿ ಯಾವುದರ ತಂತ್ರಾಂಶ ಕೈಗೆ ಪಳಗಿದೆಯೋ ಅದನ್ನು ಪಟ್ಟಿಯ ಮೇಲ್ಭಾಗದಲ್ಲಿ ಇಡಿ. ಅಪರಿಚಿತ ತಂತ್ರಾಂಶದಲ್ಲಿ ಮೆನು ಹುಡುಕುವ ಟ್ಯೂನರಿಗೆ ನೀವು ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡುತ್ತಿರುತ್ತೀರಿ. ಕೆಲಸ ಮುಗಿದ ಮೇಲೆ ಮ್ಯಾಪ್‌ಗೆ ಪಾಸ್‌ವರ್ಡ್ ಹಾಕಿ ಬೀಗ ಜಡಿಯುತ್ತಾರೆಯೇ ಎಂಬುದನ್ನೂ ಈಗಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಹೆಜ್ಜೆ 3: ಕ್ರ್ಯಾಂಕ್ ಮತ್ತು ಕ್ಯಾಮ್ ಸಂಕೇತ

ಜನ ಎಡವುವುದು ಇಲ್ಲಿಯೇ. ಆದ್ದರಿಂದ ನಿಧಾನವಾಗಿ ಓದಿ.

ಪಿಸ್ಟನ್ ಎಲ್ಲಿದೆ ಎಂದು ಇಸಿಯುವಿಗೆ ತಿಳಿಯುವುದು ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡಕ್ಕೆ ಕೂರಿಸಿದ ಹಲ್ಲಿನ ಚಕ್ರದಿಂದ. ತುಂಬ ಸಾಮಾನ್ಯವಾದ ಒಂದು ಮಾದರಿ 60-2: ಅರವತ್ತು ಹಲ್ಲುಗಳ ಜಾಗದಲ್ಲಿ ಎರಡನ್ನು ಬಿಟ್ಟು 58 ಇರುತ್ತವೆ, ಒಂದೊಂದು ಹಲ್ಲಿಗೆ 6 ಡಿಗ್ರಿ. ಆ ಖಾಲಿ ಜಾಗವೇ ಗುರುತು. 36-1 ಚಕ್ರದಲ್ಲಿ ಹಲ್ಲಿಗೆ 10 ಡಿಗ್ರಿ, ಬಿಟ್ಟಿರುವುದು ಒಂದು. ಇಷ್ಟು ಸರಳವಾಗಿದ್ದರೆ ಯಾವ ಇಸಿಯು ಕೊಂಡರೂ ನಡೆಯುತ್ತಿತ್ತು. ಆದರೆ ಹಲವು ಸುಬಾರು ಎಂಜಿನ್‌ಗಳಲ್ಲಿ 36-2-2-2 ಚಕ್ರವಿದೆ, ಎರಡೆರಡು ಹಲ್ಲು ಮೂರು ಕಡೆ ಇಲ್ಲ. ಹಳೆಯ ನಿಸಾನ್ ಎಂಜಿನ್‌ಗಳಲ್ಲಿ ಕ್ಯಾಮ್ ತುದಿಗೆ 360 ಸೀಳುಗಳ ತಟ್ಟೆಯನ್ನಿಟ್ಟು ಬೆಳಕಿನಿಂದ ಓದುತ್ತಾರೆ. ಕ್ಯಾಮ್ ಒಂದು ಸುತ್ತು ತಿರುಗುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ಮುಗಿಸಿರುತ್ತದೆ, ಹಾಗಾಗಿ ಅಲ್ಲಿ ಒಂದು ಸೀಳಿಗೆ ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ.

ಕ್ರ್ಯಾಂಕ್ ಸಂಕೇತ ಒಂದೇ ಸಾಲದಿರುವುದೂ ಇದೇ ಕಾರಣಕ್ಕೆ. ನಾಲ್ಕು ಹೊಡೆತಗಳ ಎಂಜಿನ್ನಿನ ಒಂದು ಪೂರ್ತಿ ಆವರ್ತಕ್ಕೆ ಕ್ರ್ಯಾಂಕ್ 720 ಡಿಗ್ರಿ ತಿರುಗುತ್ತದೆ. ಪಿಸ್ಟನ್ ಮೇಲೆ ಬಂದಿದೆ ಎಂದು ಕ್ರ್ಯಾಂಕ್ ಹೇಳಬಲ್ಲದು, ಅದು ಗಾಳಿಯನ್ನು ಒತ್ತಿ ಬಂದದ್ದೋ ಹೊಗೆಯನ್ನು ತಳ್ಳಿ ಬಂದದ್ದೋ ಹೇಳಲಾರದು. ಅದನ್ನು ಹೇಳುವುದು ಕ್ಯಾಮ್ ಸೆನ್ಸರ್. ಅದಿಲ್ಲದಿದ್ದರೆ ಎರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುವ ವೇಸ್ಟ್ ಸ್ಪಾರ್ಕ್ ಪದ್ಧತಿಗೆ ಸಮಾಧಾನಪಟ್ಟುಕೊಳ್ಳಬೇಕು.

‘60-2 ಬೆಂಬಲವಿದೆ’ ಎಂಬ ಜಾಹೀರಾತಿನ ಸಾಲನ್ನು ಓದಿ ನಿಲ್ಲಬೇಡಿ. ತಯಾರಕರ ಪಟ್ಟಿಯಲ್ಲಿ ನಿಮ್ಮ ಎಂಜಿನ್ನಿನ ಸಂಕೇತನಾಮವೇ ಇದೆಯೇ ನೋಡಿ. ಕ್ರ್ಯಾಂಕ್ ಚಕ್ರ ಹೊಂದಿ, ಕ್ಯಾಮ್ ಮಾದರಿ ಹೊಂದದೆ ಹೋದ ಕಾರುಗಳನ್ನು ಕಂಡಿದ್ದೇನೆ. ಪಟ್ಟಿಯಲ್ಲಿ ಇಲ್ಲದಿದ್ದರೆ ತಯಾರಕರ ಸಹಾಯ ವಿಭಾಗಕ್ಕೆ ಬರೆಯಿರಿ. ‘ಬಹುಶಃ ನಡೆಯುತ್ತದೆ’ ಎಂಬ ಉತ್ತರ ಬಂದರೆ ‘ಇಲ್ಲ’ ಎಂದು ಓದಿಕೊಳ್ಳಿ.

ಇನ್ನು ಸೆನ್ಸರಿನ ಜಾತಿ. ಹಾಲ್ ಸೆನ್ಸರಿಗೆ ವಿದ್ಯುತ್ ಪೂರೈಕೆ ಬೇಕು. ಅದು ಚೌಕಾಕಾರದ ಶುದ್ಧ ಸಂಕೇತ ಕೊಡುತ್ತದೆ. ವಿಆರ್ ಸೆನ್ಸರ್ ಅಯಸ್ಕಾಂತ ಮತ್ತು ಸುರುಳಿ ಮಾತ್ರ, ತನ್ನ ವೋಲ್ಟೇಜನ್ನು ತಾನೇ ಹುಟ್ಟಿಸುತ್ತದೆ. ಸ್ಟಾರ್ಟರ್ ತಿರುಗಿಸುವಾಗ ಅದರ ಸಂಕೇತ ತೀರ ಸಣ್ಣದು, ಎಂಜಿನ್ ವೇಗ ಏರಿದಾಗ ಹತ್ತಾರು ವೋಲ್ಟ್. ಆ ಸಣ್ಣದನ್ನೂ ಈ ದೊಡ್ಡದನ್ನೂ ಗದ್ದಲದಿಂದ ಬೇರ್ಪಡಿಸಿ ಓದುವ ಸರ್ಕ್ಯೂಟ್ ಇಸಿಯು ಒಳಗಿರಬೇಕು. ಅಗ್ಗದ ಕೆಲವು ಬೋರ್ಡ್‌ಗಳಲ್ಲಿ ಇದಿಲ್ಲ, ಪ್ರತ್ಯೇಕವಾಗಿ ಕೊಂಡು ಸೇರಿಸಬೇಕು. ಮಾರುವವರು ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ವಿಆರ್ ಸೆನ್ಸರಿನ ಎರಡು ತಂತಿಗಳು ಅದಲುಬದಲಾದರೆ ಎಂಜಿನ್ ಚಾಲೂ ಆಗುವುದೂ ಉಂಟು, ಆದರೆ ವೇಗ ಹೆಚ್ಚಿದಂತೆ ಕಿಡಿಯ ಸಮಯ ಜಾರುತ್ತ ಹೋಗುತ್ತದೆ ಅಥವಾ ಖಾಲಿ ಹಲ್ಲಿನ ಗುರುತು ತಪ್ಪುತ್ತದೆ. ಮ್ಯಾಪ್ ಚೆನ್ನಾಗಿಲ್ಲ ಎಂದು ಟ್ಯೂನರನ್ನು ಬೈಯುತ್ತಿರುವಾಗ ಪಿಸ್ಟನ್ ಕರಗುತ್ತಿರುತ್ತದೆ.

ಈ ಕಾರಣಕ್ಕಾಗಿ ಎರಡು ಸೌಲಭ್ಯ ಇಲ್ಲದ ಇಸಿಯುವನ್ನು ನಾನು ಒಪ್ಪುವುದಿಲ್ಲ. ಒಂದು, ಕಿಡಿಯನ್ನು 10 ಡಿಗ್ರಿಯಂಥ ಒಂದು ಅಂಕಿಗೆ ಕಟ್ಟಿಹಾಕಿ, ಟೈಮಿಂಗ್ ಲೈಟ್ ಬಿಟ್ಟು ಪುಲ್ಲಿಯ ಗುರುತನ್ನು ನೋಡುವ ಅವಕಾಶ. ಎಂಜಿನ್ನಿನ ವೇಗ ಏರಿಸಿದರೂ ಗುರುತು ಅಲುಗಬಾರದು. ಎರಡು, ಕ್ರ್ಯಾಂಕ್ ಮತ್ತು ಕ್ಯಾಮ್ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಸೌಲಭ್ಯ. ಲಿಂಕ್‌ನ ತಂತ್ರಾಂಶದಲ್ಲಿ ಟ್ರಿಗರ್ ಸ್ಕೋಪ್ ಇದೆ; ಮೆಗಾಸ್ಕ್ವರ್ಟ್ ಎಂಬ ಕಡಿಮೆ ಬೆಲೆಯ ಇಸಿಯು ಬಳಸುವವರಿಗೆ ಟ್ಯೂನರ್‌ಸ್ಟುಡಿಯೊ ತಂತ್ರಾಂಶದಲ್ಲಿ ಹಲ್ಲುಗಳನ್ನು ದಾಖಲಿಸುವ ಲಾಗರ್ ಸಿಗುತ್ತದೆ. ಎಂಜಿನ್ ಚಾಲೂ ಆಗದ ದಿನ ನಿಮ್ಮನ್ನು ಕಾಪಾಡುವುದು ಅದೊಂದೇ.

ಹೆಜ್ಜೆ 4: ಎಣಿಕೆ

ಈಗ ಹಾಳೆಯಲ್ಲಿ ಎರಡು ಕಾಲಂ ಹಾಕಿ: ಇಸಿಯುವಿಗೆ ಬರುವ ತಂತಿಗಳು, ಇಸಿಯುವಿನಿಂದ ಹೋಗುವ ತಂತಿಗಳು. ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್ ಎಂದುಕೊಳ್ಳಿ. ಹೊರಹೋಗುವುದು: ಇಂಜೆಕ್ಟರ್ 4, ಕಿಡಿ ಕೊಡುವ ಕಾಯಿಲ್ 4, ಗಾಳಿಯ ದಾರಿ ತೆರೆಯುವ ವಿದ್ಯುತ್ ಥ್ರಾಟಲ್‌ನ ಮೋಟಾರಿಗೆ 2, ಕ್ಯಾಮ್ ಹೊಂದಿಸುವ ಸೊಲೆನಾಯ್ಡ್ (ವಿದ್ಯುತ್ ಕವಾಟ) 2, ಬೂಸ್ಟ್ ಸೊಲೆನಾಯ್ಡ್ 1, ಇಂಧನ ಪಂಪ್, ಫ್ಯಾನ್, ಎಸಿ, ಟ್ಯಾಕೊಮೀಟರ್‌ಗೆ ಒಂದೊಂದು. ಆಗಲೇ 17 ಆಯಿತು. ‘ನಾಲ್ಕು ಸಿಲಿಂಡರಿಗೆ ಸಾಕು’ ಎಂದು ಮಾರುವ ಚಿಕ್ಕ ಪೆಟ್ಟಿಗೆಗಳು ಇಲ್ಲಿಯೇ ಮುಗ್ಗರಿಸುತ್ತವೆ. ಒಳಬರುವ ಕಾಲಂನಲ್ಲಿ ವಿದ್ಯುತ್ ಥ್ರಾಟಲ್ ಒಂದಕ್ಕೇ ನಾಲ್ಕು ಸಾಲು ಬೇಕು. ಸುರಕ್ಷತೆಗಾಗಿ ಪೆಡಲಿಗೆ ಎರಡು, ಥ್ರಾಟಲಿಗೆ ಎರಡು ಸೆನ್ಸರ್ ಇರುತ್ತವೆ. ಮುಂದಿನ ವರ್ಷ ಸೇರಿಸಬೇಕೆಂದಿರುವುದನ್ನೂ ಬರೆದು, ಇನ್ನೂ ಕೆಲವನ್ನು ಖಾಲಿ ಉಳಿಸಿಕೊಳ್ಳಿ.

ಇಂಜೆಕ್ಟರ್ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. 12ರಿಂದ 16 ಓಮ್ ಬಂದರೆ ಯಾವ ಇಸಿಯುವಾದರೂ ಸರಿ. 2-3 ಓಮ್ ಬಂದರೆ, ತೆರೆಯಲು ಹೆಚ್ಚು ಕರೆಂಟ್ ಕೊಟ್ಟು ಆಮೇಲೆ ಇಳಿಸುವ ಪೀಕ್ ಅಂಡ್ ಹೋಲ್ಡ್ ಡ್ರೈವರ್ ಬೇಕು. ರೆಸಿಸ್ಟರ್ ಸೇರಿಸಿ ಸುಧಾರಿಸುವವರಿದ್ದಾರೆ. ನಡೆಯುತ್ತದೆ, ಆದರೆ ದೊಡ್ಡ ಇಂಜೆಕ್ಟರ್ ಐಡಲ್‌ನಲ್ಲಿ ಹದ ತಪ್ಪುತ್ತದೆ. ಅದರ ಬದಲು ಹೆಚ್ಚಿನ ಓಮ್‌ನ ಆಧುನಿಕ ಇಂಜೆಕ್ಟರ್ ಹಾಕಿ.

ಕಾಯಿಲ್ ವಿಷಯದಲ್ಲಿ ಒಂದೇ ಪ್ರಶ್ನೆ: ಕಾಯಿಲ್‌ಗೆ ಕರೆಂಟ್ ಕೊಟ್ಟು ಕಡಿಯುವ ಇಗ್ನೈಟರ್ ಅದರ ಒಳಗಿದೆಯೇ, ಹೊರಗೆ ಬೇಕೇ? ಮ್ಯಾಪ್‌ನಲ್ಲಿ ಕಾಯಿಲ್ ಸಂಕೇತದ ದಿಕ್ಕನ್ನು ತಲೆಕೆಳಗಾಗಿ ಕೊಟ್ಟರೆ, ಇಗ್ನಿಷನ್ ಆನ್ ಮಾಡಿ ಚಹಾ ಕುಡಿದು ಬರುವಷ್ಟರಲ್ಲಿ ಕಾಯಿಲ್ ಸುಟ್ಟಿರುತ್ತದೆ.

ಹೆಜ್ಜೆ 5: ಸೆನ್ಸರ್‌ಗಳ ಮಿತಿ

ಮ್ಯಾಪ್ ಸೆನ್ಸರ್ (ಟ್ಯೂನರ್ ಬರೆಯುವ ಮ್ಯಾಪ್ ಅಲ್ಲ, ಎಂಜಿನ್ನಿನ ಗಾಳಿಕೊಳವೆಯ ಒತ್ತಡದ ಸೆನ್ಸರ್) ಅಳೆಯುವುದು ನಿರಪೇಕ್ಷ ಒತ್ತಡ, ಅಂದರೆ ಹೊರಗಿನ ವಾತಾವರಣದ ಒತ್ತಡವೂ ಸೇರಿದ್ದು. 1 ಬಾರ್ ಬೂಸ್ಟ್ ಎಂದರೆ ಸಮುದ್ರಮಟ್ಟದಲ್ಲಿ ಸುಮಾರು 2 ಬಾರ್. 2 ಬಾರ್ ಸೆನ್ಸರಿಗೆ ಅದೇ ಕಡೆಯ ಮಿತಿ, ಅದರಾಚೆ ಅದು ಕುರುಡು. 3 ಬಾರ್‌ನದನ್ನು ಹಾಕಿ. ಇಸಿಯು ಒಳಗೇ ಸೆನ್ಸರ್ ಇದ್ದರೆ ಅದರ ಮಿತಿ ಎಷ್ಟೆಂದು ಕೇಳಿ.

ಲ್ಯಾಂಬ್ಡಾಗೆ, ಅಂದರೆ ಗಾಳಿ-ಇಂಧನದ ಮಿಶ್ರಣ ಅಳೆಯಲು, ಬಾಷ್ ಎಲ್‌ಎಸ್‌ಯು 4.9 ಸೆನ್ಸರನ್ನು ನೇರವಾಗಿ ನಡೆಸುವ ಇಸಿಯು ಒಳ್ಳೆಯದು, ಇಲ್ಲವಾದರೆ, ಕಾರಿನ ಕಂಪ್ಯೂಟರುಗಳು ಪರಸ್ಪರ ಸಂದೇಶ ಕಳಿಸುವ ಜೋಡಿ ತಂತಿಯಾದ ಕ್ಯಾನ್ ಮೂಲಕ ಮಾತಾಡುವ ನಿಯಂತ್ರಕ. 0-5 ವೋಲ್ಟ್‌ನ ಅನಲಾಗ್ ತಂತಿಯಲ್ಲಿ ಅರ್ತ್ ವ್ಯತ್ಯಾಸದಿಂದ ಓದು ತಪ್ಪುತ್ತದೆ. ಗೇಜ್ ಒಂದು ಹೇಳುತ್ತದೆ, ಇಸಿಯು ಇನ್ನೊಂದು. ಎಥೆನಾಲ್ ಮಿಶ್ರಣ ಬಳಸುವವರು 50ರಿಂದ 150 ಹರ್ಟ್ಸ್ ಸಂಕೇತ ಕೊಡುವ ಇಂಧನ ಸೆನ್ಸರಿಗಾಗಿ ಒಂದು ಡಿಜಿಟಲ್ ಒಳದಾರಿ ಮೀಸಲಿಡಿ. ಇಂಧನ ಅಕಾಲದಲ್ಲಿ ಸಿಡಿಯುವ ಸದ್ದನ್ನು ಹಿಡಿಯುವ ನಾಕ್ ಸೆನ್ಸರಿಗೆ ಬರೀ ಸಾಕೆಟ್ ಇದ್ದರೆ ಸಾಲದು, ಆಲಿಸುವ ಆವೃತ್ತಿಯನ್ನು ಹೊಂದಿಸಲು ಬರಬೇಕು. 86 ಮಿಲಿಮೀಟರ್ ಬೋರ್, ಅಂದರೆ ಒಳವ್ಯಾಸ, ಇರುವ ಸಿಲಿಂಡರಿನಲ್ಲಿ ನಾಕ್ ಸದ್ದು ಸುಮಾರು 6.7 ಕಿಲೋಹರ್ಟ್ಸ್ ಬಳಿ ಇರುತ್ತದೆ. ಬೋರ್ ಹಿರಿದಾದಷ್ಟೂ ಅದು ಇಳಿಯುತ್ತದೆ.

ಹೆಜ್ಜೆ 6: ಉಳಿದ ಕಾರಿನೊಡನೆ ಮಾತುಕತೆ

ಹೊಸ ಕಾರುಗಳಲ್ಲಿ ಡ್ಯಾಶ್, ಎಬಿಎಸ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಕೆಲವೊಮ್ಮೆ ಸ್ಟೀರಿಂಗ್ ಸಹ ಕ್ಯಾನ್ ತಂತಿಗಳ ಮೇಲೆ ಎಂಜಿನ್ ಇಸಿಯುವಿನ ಸಂದೇಶಕ್ಕೆ ಕಾಯುತ್ತವೆ. ಮೂಲ ಇಸಿಯು ಕಿತ್ತರೆ ಎಲ್ಲ ಮೌನ. ನಿಮ್ಮ ಮಾದರಿಗೆ ಕ್ಯಾನ್ ಸಂದೇಶಗಳು ಸಿದ್ಧವಾಗಿವೆಯೇ ಎಂಬುದನ್ನು ತಯಾರಕರಿಂದಲೇ ಕೇಳಿ ತಿಳಿಯಿರಿ. ‘ಕ್ಯಾನ್ ಇದೆ’ ಎಂಬ ಮಾತಿಗೆ ಅರ್ಥವಿಲ್ಲ. ಆ ಎರಡು ತಂತಿ ಈಗಿನ ಬಹುಪಾಲು ಇಸಿಯುಗಳಲ್ಲಿ ಇರುತ್ತದೆ.

ಹೆಜ್ಜೆ 7: ಪ್ಲಗ್-ಇನ್ ಅಥವಾ ತಂತಿ ಎಳೆಯುವುದು

ನಿಮ್ಮ ಕಾರಿನ ಮೂಲ ಸಾಕೆಟ್‌ಗೆ ನೇರ ಕೂರುವ ಇಸಿಯು ಸಿಗುವುದಾದರೆ ಕಣ್ಣುಮುಚ್ಚಿ ಅದನ್ನೇ ಕೊಳ್ಳಿ. ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಇಸಿಯುವಿನವಲ್ಲ, ಹೊಸದಾಗಿ ಎಳೆದ ತಂತಿಗಳವು. ಆದರೆ ಕಾರಿನ ಮೂಲ ತಂತಿಗಳ ಕಟ್ಟು, ಅಂದರೆ ಹಾರ್ನೆಸ್, ಹಳೆಯದಾಗಿ ಸೀಳಿದ್ದರೆ ಪ್ಲಗ್-ಇನ್ ಕೂಡ ಉದ್ಧಾರ ಮಾಡಲಾರದು. ತಂತಿ ಎಳೆಯಲೇಬೇಕಾದರೆ ಮೂರು ನಿಯಮ: ಸೆನ್ಸರ್‌ಗಳ ಅರ್ತ್ ಇಸಿಯುವಿನ ಸೆನ್ಸರ್ ಅರ್ತ್ ಪಿನ್ನಿಗೆ ಮಾತ್ರ, ಇಸಿಯುವಿನ ಮುಖ್ಯ ಅರ್ತ್ ಎಂಜಿನ್ ಬ್ಲಾಕ್‌ಗೆ, ಕ್ರ್ಯಾಂಕ್, ಕ್ಯಾಮ್ ತಂತಿಗಳಿಗೆ ಶೀಲ್ಡ್ ಹೊದಿಕೆ, ಆ ಶೀಲ್ಡಿನ ಅರ್ತ್ ಇಸಿಯು ತುದಿಯಲ್ಲಿ ಮಾತ್ರ. ಟೇಪ್ ಸುತ್ತಿದ ಜೋಡಣೆ ಎಲ್ಲಿಯೂ ಬೇಡ.

ಕಡಿಮೆ ಬೆಲೆಯ ಆಸೆಗೂ ಉತ್ತರ ಇಲ್ಲೇ. ಮೆಗಾಸ್ಕ್ವರ್ಟ್, ಆರ್ಡುಯಿನೊ ಆಧರಿಸಿದ ಸ್ಪೀಡುಯಿನೊ, ಇವು ಕಲಿಯುವ ಮನಸ್ಸಿರುವವರಿಗೆ ಒಳ್ಳೆಯವು, ವಿನ್ಯಾಸ ಮುಕ್ತವಾಗಿದೆ ಅಥವಾ ಚೆನ್ನಾಗಿ ದಾಖಲಾಗಿದೆ. ಹೆಸರಾಂತ ಬ್ರ್ಯಾಂಡಿನ ಲಾಂಛನ ಅಂಟಿಸಿದ ಅಗ್ಗದ ನಕಲು ಮಾತ್ರ ಬೇಡವೇ ಬೇಡ. ಬ್ರ್ಯಾಂಡಿನ ಅಧಿಕೃತ ಒಳ ತಂತ್ರಾಂಶ (ಫರ್ಮ್‌ವೇರ್) ಹಾಕಹೋದ ದಿನ ಅದು ಕೆಲಸಕ್ಕೆ ಬಾರದ ಇಟ್ಟಿಗೆಯಾಗಬಹುದು, ದೂರು ಕೇಳುವವರೂ ಇರುವುದಿಲ್ಲ.

ಹೆಜ್ಜೆ 8: ಕಾವಲು ವ್ಯವಸ್ಥೆ

ಎಕ್ಸಾಸ್ಟ್‌ನಲ್ಲಿ ಬೆಂಕಿ ಉಗುಳಿಸುವ ಸೌಲಭ್ಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು ಇಷ್ಟು: ಆಯಿಲ್ ಒತ್ತಡ ಆರ್‌ಪಿಎಂಗೆ ತಕ್ಕಂತೆ ಇಲ್ಲದಿದ್ದರೆ ಎಂಜಿನ್ ನಿಲ್ಲಿಸುತ್ತದೆಯೇ? ಬೂಸ್ಟ್‌ನಲ್ಲಿ ಮಿಶ್ರಣ ತೆಳುವಾದರೆ ತಕ್ಷಣ ಬೂಸ್ಟ್ ಕಡಿಯುತ್ತದೆಯೇ? ಇಂಧನ ಒತ್ತಡ ಕುಸಿದರೆ ಗಮನಿಸುತ್ತದೆಯೇ? ಅಂಥ ಕ್ಷಣ ತನ್ನ ನೆನಪಿಗೆ ದಾಖಲಿಸಿಕೊಳ್ಳುತ್ತದೆಯೇ, ಲ್ಯಾಪ್‌ಟಾಪ್ ಜೋಡಿಸಿಯೇ ಇರಬೇಕೇ? ಮೂರಕ್ಕೆ ಹೌದು, ಕೊನೆಯದಕ್ಕೆ ಒಳಗೇ ದಾಖಲೆ ಎಂಬ ಉತ್ತರವಿದ್ದರೆ ಆ ಪೆಟ್ಟಿಗೆ ಪಟ್ಟಿಯಲ್ಲಿರಲಿ.

ಹೆಜ್ಜೆ 9: ಹಾಳೆಯನ್ನು ಟ್ಯೂನರಿಗೂ ತಯಾರಕರಿಗೂ ಕಳುಹಿಸಿ, ಇಬ್ಬರೂ ಒಪ್ಪಿದ ಮೇಲೆ ಆರ್ಡರ್ ಮಾಡಿ

ಜೊತೆಗೆ ಬರುವ ಬೇಸ್ ಮ್ಯಾಪ್ ಎಂಜಿನ್ ಚಾಲೂ ಆಗಲಿಕ್ಕೆ ಮಾತ್ರ, ಅದರ ಮೇಲೆ ಬೂಸ್ಟ್ ಕೊಟ್ಟು ಓಡಿಸಬೇಡಿ. ಆರ್ಡರಿನಲ್ಲಿ ಕನೆಕ್ಟರ್ ಮತ್ತು ಪಿನ್‌ಗಳು ಸೇರಿವೆಯೇ ನೋಡಿ. ಸಾಮಾನ್ಯವಾಗಿ ಪ್ರತ್ಯೇಕ ಲೆಕ್ಕ. ಪಿನ್‌ಗಳನ್ನು ಬೇಕಾದದ್ದಕ್ಕಿಂತ ಹತ್ತು ಹೆಚ್ಚಾಗಿ ತರಿಸಿ, ಕ್ರಿಂಪ್ ಮಾಡುವ ಸರಿಯಾದ ಇಕ್ಕಳವನ್ನೂ ಜೊತೆಗೆ ತರಿಸಿ.