ಹಿಪೊಕ್ಯಾಂಪಸ್, ಅಮಿಗ್ಡಲಾ ಒಂದೇ ಗಾಜಿನ ಮೇಲೆ: ಗಾಲ್ಜಿ ಬಣ್ಣದ ನನ್ನ ಅನುಭವ

ಕೆಲವೇ ನರಕೋಶಗಳನ್ನು ಕವಲು ಸಮೇತ ಕಪ್ಪಾಗಿಸಿ ತೋರಿಸುವ ಗಾಲ್ಜಿ ಬಣ್ಣ ಓಬೀರಾಯನ ಕಾಲದ್ದು, ಅದನ್ನು ಈಗ ಯಾರು ಒಪ್ಪುತ್ತಾರೆ ಎಂದು ನನಗೆ ಹೇಳದವರಿಲ್ಲ. 1873ರ ವಿಧಾನ ಎಂಬುದು ನಿಜವೇ. ಆದರೆ ಒತ್ತಡ ಮಿದುಳಿನ ಎರಡು ಕಡೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ಮತ್ತು ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ, ತದ್ವಿರುದ್ಧ ಕೆಲಸ ಮಾಡುವುದನ್ನು ಕಣ್ಣಾರೆ ಕಾಣಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಒತ್ತಡದ ಕ್ರಮ ಗೊತ್ತಿರುವುದೇ: ಇಲಿಯನ್ನು ದಿನಕ್ಕೆ 2 ಗಂಟೆ ಅಲುಗಾಡದಂತೆ ಇಡುವುದು, 10 ದಿನ. ಕಷ್ಟವೆಲ್ಲ ಆಮೇಲಿನದು. ಮೊದಲು ಬಣ್ಣದ ಸಿದ್ಧ ಕಿಟ್ ತರಿಸಿದೆವು. ರಾಸಾಯನಿಕಗಳಿಗೆ ಇಟ್ಟ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಅದಕ್ಕೇ ಹೋಯಿತು. ಹಿಪೊಕ್ಯಾಂಪಸ್ ಚೆನ್ನಾಗಿ ಬಂದರೆ ಅಮಿಗ್ಡಲಾ ಖಾಲಿ, ಅಮಿಗ್ಡಲಾ ಬಂದರೆ ಅದರ ಮೇಲೆಲ್ಲ ಕಪ್ಪು ಹರಳು. ಹರಳಿನ ಅಂಚು ಡೆಂಡ್ರೈಟ್‌ನ (ನರಕೋಶಕ್ಕೆ ಸಂಕೇತ ತರುವ ಎಳೆಯ) ಕವಲಿನಂತೆಯೇ ಕಾಣುತ್ತದೆ. ಫೋಕಸ್ ಏರಿಳಿಸಿದರೆ ಹರಳು ಥಟ್ಟನೆ ಮುಗಿಯುತ್ತದೆ, ನಿಜವಾದ ಕವಲು ತೆಳ್ಳಗಾಗುತ್ತ ಆಳಕ್ಕೆ ಇಳಿಯುತ್ತದೆ.

ಕೊನೆಗೆ ಬಣ್ಣಕ್ಕೆ ಬೇಕಾದ ಪೊಟ್ಯಾಸಿಯಂ ಡೈಕ್ರೋಮೇಟ್, ಸಿಲ್ವರ್ ನೈಟ್ರೇಟ್ ದ್ರಾವಣಗಳನ್ನು ನಾವೇ ಮಾಡಿಕೊಂಡೆವು. ಖರ್ಚು ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಇವೆರಡರ ನಡುವೆ ನಾನು ಮಾಡುವ ಒಂದು ಸಣ್ಣ ಕೆಲಸದಿಂದ ಹರಳಿನ ಕಾಟ ಮುಕ್ಕಾಲು ಪಾಲು ತಪ್ಪಿದೆ. ಪ್ರಬಂಧ ಅಚ್ಚಾಗುವವರೆಗೆ ಅದು ನನ್ನಲ್ಲೇ ಇರಲಿ.

ನನಗೆ ಹೆಮ್ಮೆ ಇರುವುದು ಸೆಕ್ಷನ್ (ಮಿದುಳಿನ ತೆಳು ಹೋಳು) ಆಯ್ಕೆಯಲ್ಲಿ. ಬ್ರೆಗ್ಮಾದಿಂದ (ನೆತ್ತಿಯಲ್ಲಿ ತಲೆಬುರುಡೆಯ ಮೂಳೆಗಳು ಕೂಡುವ ಗುರುತು) ಸುಮಾರು 2.8 ಮಿ.ಮೀ. ಹಿಂದೆ ಕೊಯ್ದರೆ ಮೇಲೆ ಹಿಪೊಕ್ಯಾಂಪಸ್‌ನ ಸಿಎ3 ಎಂಬ ಭಾಗ, ಕೆಳಗೆ ಅಮಿಗ್ಡಲಾದ ಬೇಸೊಲ್ಯಾಟರಲ್ ಎಂಬ ಭಾಗ, ಎರಡೂ ಒಂದೇ ಗಾಜಿನ ಮೇಲೆ. ಬಣ್ಣ ಸರಿಯಾಗಿ ಹಿಡಿಯದೆ ಸಿಎ3 ಕವಲುಗಳು ಮೊಟಕಾಗಿ ಕಂಡಿವೆ ಎನ್ನುವವರಿಗೆ ಅದೇ ಸೆಕ್ಷನ್ನಿನ ಅಮಿಗ್ಡಲಾ ತೋರಿಸುತ್ತೇನೆ: ಅಲ್ಲಿ ಕವಲುಗಳು ಬೆಳೆದಿವೆ. ನರವಿಜ್ಞಾನಿ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ವರದಿ ಮಾಡಿದ್ದೂ ಇದನ್ನೇ. ನೆನಪಿನಿಂದ ಹೇಳುವುದಾದರೆ ನಮ್ಮಲ್ಲಿ ಸಿಎ3 ಕಾಲು ಭಾಗದಷ್ಟು ಕುಗ್ಗಿತ್ತು, ಅಮಿಗ್ಡಲಾ ಅದಕ್ಕಿಂತ ತುಸು ಕಡಿಮೆ ಹಿಗ್ಗಿತ್ತು. ಅಳೆದದ್ದು ಫಿಜಿ ಎಂಬ ಉಚಿತ ತಂತ್ರಾಂಶದಲ್ಲಿ, ಕೋಶದ ಸುತ್ತ ವೃತ್ತಗಳನ್ನೆಳೆದು ಅವನ್ನು ದಾಟುವ ಕವಲುಗಳನ್ನು ಎಣಿಸುವ ಶೋಲ್ ವಿಧಾನದಿಂದ. ವರ್ಷವರ್ಷ ಶುಲ್ಕ ಕೇಳುವ ತಂತ್ರಾಂಶ ಇದಕ್ಕೆ ಬೇಕಾಗಿಲ್ಲ.

ನಡುವೆ ಇನ್ನೊಂದು ಗುಂಪಿಗೆ ಒಂದೇ ಸಲ 2 ಗಂಟೆ ಒತ್ತಡ ಕೊಟ್ಟು ಸುಮ್ಮನೆ ಬಿಟ್ಟಿದ್ದೆವು. ಮರುದಿನ ಅವು ಪ್ಲಸ್ ಮೇಜ್‌ನಲ್ಲಿ (ಅಂಜಿಕೆ ಅಳೆಯಲು ಎತ್ತರದಲ್ಲಿಟ್ಟ ಕೂಡು ಗುರುತಿನಾಕಾರದ ಹಾದಿ, ಎರಡು ತೋಳಿಗೆ ಗೋಡೆ, ಎರಡು ತೆರೆದವು) ಎಂದಿನಂತೆ ಓಡಾಡಿದವು. 10 ದಿನ ಕಳೆದ ಮೇಲೆ ತೆರೆದ ತೋಳಿನ ಬಾಯಿಗೆ ಬಂದು, ಮೂತಿ ಚಾಚಿ, ಹಿಂದಕ್ಕೆ ಸರಿಯತೊಡಗಿದವು. ಅಮಿಗ್ಡಲಾದ ಕವಲುಗಳ ಉದ್ದ ಇದ್ದಷ್ಟೇ ಇತ್ತು, ಅವುಗಳ ಮೇಲಿನ ಸ್ಪೈನ್‌ಗಳು (ಬೇರೆ ಕೋಶಗಳ ಸಂಪರ್ಕ ಕೂಡುವ ಪುಟ್ಟ ಮುಳ್ಳುಗಳು) ಮಾತ್ರ ದಟ್ಟವಾಗಿದ್ದವು. ಬರಿ ವರ್ತನೆ ನೋಡಿ ಮರುದಿನವೇ ಲೆಕ್ಕ ಮುಗಿಸುವವರಿಗೆ ಇದು ಕಾಣುವುದೇ ಇಲ್ಲ.

ಒತ್ತಡ ನಿಲ್ಲಿಸಿ 3 ವಾರ ಬಿಟ್ಟರೆ ಸಿಎ3 ಚೇತರಿಸಿಕೊಳ್ಳುತ್ತದೆ, ಅಮಿಗ್ಡಲಾದ ಬೆಳವಣಿಗೆ ಉಳಿದುಬಿಡುತ್ತದೆ ಎಂದು ಚಟರ್ಜಿ ಅವರ ತಂಡವೇ 2004ರಲ್ಲಿ ತೋರಿಸಿದೆ. ಅದನ್ನೂ ಒಂದೇ ಸೆಕ್ಷನ್ನಿನಲ್ಲಿ ಅಕ್ಕಪಕ್ಕ ನೋಡಬೇಕೆಂದು ಮಿದುಳುಗಳನ್ನು ಡೈಕ್ರೋಮೇಟ್‌ನಲ್ಲಿ ಇಟ್ಟಿದ್ದೇನೆ.