ಪತ್ತೇದಾರಿ ಕಥೆ ಹೆಣೆಯೋದು ಹೆಂಗೆ: ಕೊನೆಯಿಂದ ಶುರು ಮಾಡ್ರಿ

ಪತ್ತೇದಾರಿ ಕಥೆ ಬರೀಬೇಕು ಅಂತ ಕೂತೋರು ಸುಮಾರು ಜನ ಹೆಣ ಸಿಗೋ ಸೀನಿಂದಾನೇ ಶುರು ಮಾಡ್ತಾರೆ, ನಾನೂ ಹಂಗೇ ಮಾಡ್ತಿದ್ದೆ, ನಲವತ್ತು ಪುಟ ಆದ್ಮೇಲೆ ಕಥೆ ನಿಂತುಬಿಡ್ತಿತ್ತು. ಮೊದ್ಲು ಬರೀಬೇಕಾಗಿರೋದು ಓದೋರಿಗೆ ಕಾಣದೇ ಇರೋ ಕಥೆ. ಯಾರು ಮಾಡಿದ್ರು, ಯಾಕೆ, ಎಷ್ಟೊತ್ತಿಗೆ, ಮುಚ್ಚಿಡೋಕೆ ಏನ್ ಮಾಡಿದ್ರು, ಅದ್ರಲ್ಲಿ ಎಲ್ಲಿ ಎಡವಿದ್ರು.

ನಮ್ಮ ದಾವಣಗೆರೆ ಮಂಡಕ್ಕಿ ಭಟ್ಟಿನೇ ತಗೊಳ್ರಿ. ಎರಡು ವರ್ಷಕ್ಕೊಮ್ಮೆ ಬರೋ ದುಗ್ಗಮ್ಮನ ಜಾತ್ರೆ, ಭಟ್ಟಿಗೆ ಮೂರು ದಿನ ರಜೆ, ಎಲ್ಲರ ಮನೇಲೂ ನೆಂಟರು, ಯಾರು ಯಾವಾಗ ಎಲ್ಲಿದ್ರು ಅಂತ ಯಾರಿಗೂ ನೆಟ್ಟಗೆ ಹೇಳೋಕಾಗಲ್ಲ. ಬೆಳಿಗ್ಗೆ ನೋಡಿದ್ರೆ ಸಾಹುಕಾರ ಭಟ್ಟಿಯೊಳಗೆ ಸತ್ತು ಬಿದ್ದಿದಾನೆ, ಲೆಕ್ಕದ ಪುಸ್ತಕ ಕಾಣ್ತಿಲ್ಲ. ಆಗಿದ್ದು ಇಷ್ಟು: ಭತ್ತದ ಖರೀದೀಲಿ ದುಡ್ಡು ತಿಂದಿದ್ದ ಗುಮಾಸ್ತ ರಾತ್ರಿ ಸಿಕ್ಕಿಬಿದ್ದ, ತಳ್ಳಾಟದಲ್ಲಿ ಸಾಹುಕಾರನ ತಲೆ ಕಟ್ಟೆಗೆ ಬಡೀತು, ಇವನು ಗಾಬರೀಲಿ ಒಲೆ ಹಚ್ಚಿ ಪುಸ್ತಕ ಸುಟ್ಟ. ಎಡವಿದ್ದು ಅಲ್ಲೇ, ಮಂಡಕ್ಕಿ ಹುರಿಯೋ ಮರಳು ಒಂದ್ಸಲ ಕಾದ್ರೆ ಬೇಗ ಆರಲ್ಲ.

ಈಗ ಒಂದು ಹಾಳೆ ತಗೊಂಡು ಮಧ್ಯ ಗೆರೆ ಎಳೀರಿ. ಎಡಕ್ಕೆ ನಿಜವಾಗಿ ಆಗಿದ್ದು, ಗಂಟೆ ಸಮೇತ. ಬಲಕ್ಕೆ ಅದು ಓದೋರಿಗೆ ಎಷ್ಟನೇ ಪುಟದಲ್ಲಿ, ಯಾವ ವೇಷದಲ್ಲಿ ಕಾಣುತ್ತೆ ಅನ್ನೋದು. 'ಮರಳು ಬಿಸಿ ಇತ್ತು' ಅಂತ ನೇರವಾಗಿ ಬರೆದ್ರೆ ಅಲ್ಲಿಗೆ ಮುಗೀತು. ಅದ್ರ ಬದಲು ಹಿಂಗೆ ಬರೀರಿ:

'ಬಾಗಿಲು ತೆಗೆದಾಗ ಚೀಲಗಳು ಹಂಗೇ ಇದ್ವು, ಬೆಕ್ಕು ಒಲೆಗೆ ಆತ್ಕೊಂಡು ಮುದುರಿ ಮಲಗಿತ್ತು, ಅಷ್ಟೊತ್ತಿಗೆ ಹಿಂದಿನಿಂದ ಯಾರೋ ಕಿರುಚಿದ್ರು.'

ಕಿರುಚಿದ್ದು ಜೋರಾಗಿರೋದ್ರಿಂದ ಓದೋರ ಗಮನ ಆ ಕಡೆ ಓಡುತ್ತೆ, ಬೆಕ್ಕು ಕಣ್ಣೆದುರಿಗೇ ಉಳಿಯುತ್ತೆ. ಸುಳಿವನ್ನ ಮೂರು ಮಾತಿನ ನಡುವೆ ಇಡ್ರಿ, ಯಾವತ್ತೂ ಕೊನೇಲಿ ಇಡಬೇಡ್ರಿ.

ಅನುಮಾನ ಬರೋ ಪ್ರತಿಯೊಬ್ಬರಿಗೂ ಒಂದೊಂದು ಸುಳ್ಳು ಬೇಕು, ಆ ಸುಳ್ಳಿಗೆ ಅವರದ್ದೇ ಕಾರಣ ಇರ್ಬೇಕು. ಅಳಿಯ 'ಜಾತ್ರೇಲಿದ್ದೆ' ಅಂತಾನೆ, ಆದ್ರೆ ರಾತ್ರಿ ಪೂರ್ತಿ ಇಸ್ಪೀಟು ಆಡ್ತಿದ್ದ, ಹೆಂಡ್ತಿಗೆ ಗೊತ್ತಾಗಬಾರ್ದು ಅಷ್ಟೇ. ಮೊಬೈಲು, ಸಿಸಿಟಿವಿ ಬಗ್ಗೆನೂ ಮೊದ್ಲೇ ಯೋಚನೆ ಮಾಡಿಡ್ರಿ.

1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನೋ ಇಂಗ್ಲೆಂಡಿನ ಪಾದ್ರಿ, ತಾನೂ ಪತ್ತೇದಾರಿ ಕಥೆ ಬರೀತಿದ್ದೋರು, ಹತ್ತು ನಿಯಮ ಹಾಕಿದ್ರು. ಅಪರಾಧಿ ಕಥೆ ಶುರುವಲ್ಲೇ ಬಂದಿರ್ಬೇಕು, ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರಬಾರ್ದು ಅನ್ನೋದು ಅದ್ರಲ್ಲಿವೆ. ನನ್ನ ಪ್ರಕಾರ ಆ ಒಂದನ್ನೂ ಮುಂಚೇನೇ ತೋರಿಸ್ಬೇಕು. ಚಿತ್ರದುರ್ಗದ ಕೋಟೇಲಿ ಕಥೆ ನಡೆಸಿ ಕೊನೇ ಪುಟದಲ್ಲಿ 'ಇಲ್ಲೊಂದು ಕಿಂಡಿ ಇತ್ತು' ಅಂದ್ರೆ ಅದು ಮೋಸ. ಮೊದಲನೇ ಪುಟದಲ್ಲೇ ಹುಡುಗರು ಒನಕೆ ಓಬವ್ವನ ಕಿಂಡೀಲಿ ಮೈ ಮುದುರಿ ತೂರ್ಕೊಂಡು ಬರ್ಲಿ, ಆಮೇಲೆ ನಿಮ್ಮ ಕೊಲೆಗಾರನೂ ಅದೇ ತರದ ಸಂದೀಲಿ ತೂರಬಹುದು.

ಬರೆದಾದ್ಮೇಲೆ ಕೊನೇ ಅಧ್ಯಾಯ ತೆಗೆದಿಟ್ಟು ಯಾರಿಗಾದ್ರೂ ಓದೋಕೆ ಕೊಡ್ರಿ. ನಾನು ಅತ್ತಿಗೆಗೆ ಕೊಟ್ಟಿದ್ದೆ. ಮೊದ್ಲು ಅಳಿಯನೇ ಅಂದ್ರು, ಕೊನೇ ಅಧ್ಯಾಯ ಕೊಟ್ಟಾಗ ಓದೋದು ನಿಲ್ಲಿಸಿ, ಪುಟ ಹಿಂದಕ್ಕೆ ತಿರುವಿ ಬೆಕ್ಕು ಮಲಗಿದ್ದ ಸಾಲಿನ ಮೇಲೆ ಬೆರಳಿಟ್ರು.