ಮೋಟಾರಿಲ್ಲದೆ ತಿರುಗಿದ ಚಕ್ರ: ತೋಟದ ರೈಲಿಗೊಂದು ನೀರುಗಿರಣಿ

ಉಡುಪಿ ಬಳಿಯ ಅಲೆವೂರಿನ ನಮ್ಮ ಹಿತ್ತಲಿನಲ್ಲಿ ಓಡುವ ಪುಟ್ಟ ಮಾದರಿ ರೈಲಿನ ಪಕ್ಕಕ್ಕೆ ಈಗೊಂದು ನೀರುಗಿರಣಿ ಇದೆ. ಅದರ ಚಕ್ರ ನಿಮಿಷಕ್ಕೆ 11 ಅಥವಾ 12 ಸುತ್ತು ತಿರುಗುತ್ತದೆ. ತಿರುಗಿಸುವುದು ನೀರು, ಮೋಟಾರಲ್ಲ. ನೋಡಲು ಬಂದವರಲ್ಲಿ ಹೆಚ್ಚಿನವರು ಇದನ್ನು ನಂಬುವುದಿಲ್ಲ. ಗಿರಣಿಯ ಮಾಡು ಎತ್ತಿ ಇಣುಕುತ್ತಾರೆ, ವೈರು ಹುಡುಕುತ್ತಾರೆ, ಸಿಗದಿದ್ದಾಗ ‘ನೆಲದಡಿ ಹುಗಿದಿದ್ದೀರಾ?’ ಎಂದು ಕೇಳುತ್ತಾರೆ. ಸಣ್ಣ ಚಕ್ರ ನೀರಿಗೆ ಸಿಕ್ಕರೆ ಫ್ಯಾನಿನಂತೆ ಗಿರ್ರನೆ ಸುತ್ತುತ್ತದೆ, ಇಲ್ಲವೇ ಅಲುಗುವುದೇ ಇಲ್ಲ, ಸುಮ್ಮನೆ ಒಂದು ಗೇರ್ ಮೋಟಾರ್ ಕೂರಿಸಿ ನೀರನ್ನು ಅಲಂಕಾರಕ್ಕೆ ಸುರಿ ಎಂದು ವರ್ಷಗಟ್ಟಲೆ ಬುದ್ಧಿ ಹೇಳಿದ ಗೆಳೆಯರಿದ್ದಾರೆ. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಅವರಿಗಾಗಿ.

ನೀರನ್ನು ಸ್ಕೇಲಿಗೆ ಇಳಿಸಲಾಗದು ಎಂಬುದು ಅವರ ವಾದ. ಅದು ಸರಿಯೇ. ಬಟ್ಟಲನ್ನು ನೀವು ಎಷ್ಟು ಕುಗ್ಗಿಸಿದರೂ ಹನಿ ಕುಗ್ಗುವುದಿಲ್ಲ. ಆದರೆ ಅದಕ್ಕೆ ಮೋಟಾರೇ ಗತಿ ಎಂದೇನೂ ಇಲ್ಲ.

ನನ್ನದು 45 ಮಿಲಿಮೀಟರ್ ಹಳಿ, 1:22.5 ಅಳತೆ. ಈ ಲೆಕ್ಕದಲ್ಲಿ ಹಳಿ ಹೆಚ್ಚುಕಡಿಮೆ ಸರಿಯಾಗಿ ಮೀಟರ್ ಗೇಜಿಗೆ ಕೂರುತ್ತದೆ. ಜರ್ಮನಿಯ ಮಾದರಿ ರೈಲಿನ ಕಂಪನಿ ಎಲ್‌ಜಿಬಿ 1968ರಿಂದ ಇದನ್ನು ಮಾಡುತ್ತಿರುವುದು ಅವರ ಕಿರುಹಳಿಯ ಗಾಡಿಗಳಿಗಾಗಿ. ನನಗದು ಒದಗಿದ್ದು ಮಂಗಳೂರು–ಹಾಸನ ಮಾರ್ಗಕ್ಕೆ. 1979ರಲ್ಲಿ ಪೂರ್ಣಗೊಂಡ ಆ ಮೀಟರ್ ಗೇಜ್ ಮಾರ್ಗದ ಘಟ್ಟದ ಭಾಗ 1996ರಲ್ಲಿ ಬ್ರಾಡ್ ಗೇಜ್ ಕೆಲಸಕ್ಕೆಂದು ಮುಚ್ಚಿತು. ನನ್ನ ಹಿತ್ತಲಿನಲ್ಲಿ ಅದು ಮುಚ್ಚಿಲ್ಲ. ‘ಆ ಹಾದಿಯಲ್ಲಿ ಎಲ್ಲಿತ್ತಯ್ಯಾ ನೀರುಗಿರಣಿ?’ ಎಂದು ಕೇಳುವವರೂ ಇದ್ದಾರೆ. ಇರಲಿಲ್ಲ, ನಾನು ಕಟ್ಟಿದೆ. ಕಟ್ಟುವಾಗ ಊರಿನ ಮರ್ಯಾದೆ ಮೀರಿಲ್ಲ: ನೀರು ಹೊರಡುವುದು ಮುರಕಲ್ಲಿನ (ಜಂಬಿಟ್ಟಿಗೆಯ) ಕಡಿದಾದ ದರೆಯಲ್ಲಿ ನೀರಿಗೆಂದು ಅಡ್ಡಕ್ಕೆ ಕೊರೆದ ಸುರಂಗದ ಬಾಯಿಂದ, ಚಕ್ರದವರೆಗೆ ಹರಿಯುವುದು ಅಡಿಕೆ ಮರ ಸೀಳಿ ತೋಡಿದ ದಂಬೆಯಲ್ಲಿ. ಬಂಟ್ವಾಳ, ಪುತ್ತೂರು ಕಡೆಯ ಯಾವ ತೋಟಿಗನೂ ಇದನ್ನು ನೋಡಿ ನಗಲಾರ. ಪಂಪಿನ ಪೈಪು ಬಚ್ಚಿಡಲು ಸುರಂಗಕ್ಕಿಂತ ಒಳ್ಳೆಯ ಜಾಗವೂ ಇಲ್ಲ.

ಸಿದ್ಧ ಕಿಟ್ ತರಿಸುವ ಯೋಚನೆಯೂ ಇತ್ತು. ತೋಟದ ರೈಲಿನ ಅಳತೆಗೆಂದೇ ಜರ್ಮನಿಯ ಪೋಲಾದವರು ಕಟ್ಟಡಗಳನ್ನು ಮಾಡುತ್ತಾರೆ. ಹಡಗಿನ ಬಾಡಿಗೆ, ಸುಂಕ ಎಲ್ಲ ಕೂಡಿಸಿ ನೋಡಿದರೆ 25 ಸಾವಿರ ದಾಟುವ ಲಕ್ಷಣವಿತ್ತು. ಅಷ್ಟು ಕೊಟ್ಟು ಅಲೆವೂರಿನಲ್ಲಿ ಜರ್ಮನ್ ಹಳ್ಳಿಯ ಮನೆ ಇಡಬೇಕೇ? ಬಿಟ್ಟೆ.

ಮೊದಲು ಕಟ್ಟಿದ್ದು ಕೆಳಹರಿವಿನ ಚಕ್ರ, ತೋಡಿನ ನೀರು ಅಡಿಯಿಂದ ತಳ್ಳುವಂಥದ್ದು. ಹಳಿಯ ಮಟ್ಟದಲ್ಲೇ ತೋಡು ಹರಿದರೆ ನೋಡಲು ಚೆಂದ ಎಂಬ ಆಸೆ. ಚೆಂದವೇನೋ ಇತ್ತು, ಚಕ್ರ ಮಾತ್ರ ಸೊಳ್ಳೆ ಕೂತರೂ ನಿಲ್ಲುತ್ತಿತ್ತು. 1759ರಲ್ಲೇ ಜಾನ್ ಸ್ಮೀಟನ್ ಎಂಬ ಇಂಗ್ಲಿಷ್ ಎಂಜಿನಿಯರ್ ಮಾದರಿ ಚಕ್ರಗಳನ್ನು ಕಟ್ಟಿ, ಮೇಲಿಂದ ನೀರು ಬೀಳುವ ಚಕ್ರ ಕೆಳಹರಿವಿನದ್ದಕ್ಕಿಂತ ಸುಮಾರು ಎರಡರಷ್ಟು ಕೆಲಸ ಕೊಡುತ್ತದೆ ಎಂದು ತೋರಿಸಿದ್ದ. ಅವನೂ ನಮ್ಮ ಹಾಗೆ ಮಾದರಿ ಕಟ್ಟುವವನೇ ಎಂದು ತಿಳಿದು ಸಮಾಧಾನವಾಯಿತು. ದರೆಯನ್ನು ಒಂದು ಮೊಳ ಎತ್ತರಿಸಿ ಮೇಲ್ಹರಿವಿಗೆ ಬದಲಿಸಿದೆ.

ಆಮೇಲೆ ಮರದ ಸರದಿ. ಹಲಸಿನ ತುಂಡಿನಲ್ಲಿ ಮಾಡಿದ ಚಕ್ರ ಒಣಗಿದ್ದಾಗ ಬೆರಳು ಸೋಕಿದರೂ ತಿರುಗುತ್ತಿತ್ತು. ನೀರು ಬಿಟ್ಟು ಒಂದು ವಾರ ಕಳೆಯುವುದರೊಳಗೆ ಪ್ರತಿದಿನ ಒಂದೇ ಜಾಗಕ್ಕೆ ಬಂದು ನಿಲ್ಲತೊಡಗಿತು. ಕಾರಣ ಸರಳ: ರಾತ್ರಿ ಪಂಪ್ ಆರಿಸಿದರೆ ಕೆಳಗಿನ ಅರ್ಧ ನೀರು ಹೀರುತ್ತಾ ಕೂರುತ್ತದೆ, ಮೇಲಿನ ಅರ್ಧ ಒಣಗುತ್ತದೆ, ಬೆಳಿಗ್ಗೆ ಒಂದು ಮಗ್ಗುಲು ಭಾರ. ದೋಣಿಗೆ ಬಳಸುವ ಕಿರಾಲುಬೋಗಿ ಹಾಕು ಎಂದು ಮಲ್ಪೆಯಲ್ಲಿ ದೋಣಿ ಕಟ್ಟುವ ಪರಿಚಯದವರೊಬ್ಬರು ತುಂಡೊಂದನ್ನು ಪುಕ್ಕಟೆ ಕೊಟ್ಟರು. ಅದು ನೀರು ಕುಡಿಯುವುದು ಕಡಿಮೆ, ನಿಜ. ಆದರೆ ಮೂರು ಮಿಲಿಮೀಟರಿಗೆ ಸೀಳಲು ಹೋದರೆ ಗರಗಸದ ಹಲ್ಲೇ ಹೋಗುತ್ತದೆ. ಮೂರು ಬ್ಲೇಡು ಬಲಿಕೊಟ್ಟ ಮೇಲೆ ಆ ಮರವನ್ನು ಗಿರಣಿಯ ಬಾಗಿಲಿಗೆ, ತೊಲೆಗಳಿಗೆ ಬಳಸಿದೆ. ಅಲ್ಲಿ ಅದು ಬೆಣ್ಣೆ ಹಚ್ಚಿ ಇಟ್ಟರೂ ಗೆದ್ದಲು ಮುಟ್ಟದ ಸರಕು.

ಈಗಿರುವ ಚಕ್ರ ಪೂರ್ತಿ ಪಿವಿಸಿ. ವ್ಯಾಸ 18 ಸೆಂಟಿಮೀಟರ್, ಅಂದರೆ ನಿಜದಲ್ಲಿ 4 ಮೀಟರಿನ ಚಕ್ರ. ಅಗಲ 4 ಸೆಂಟಿಮೀಟರ್. ಬದಿಗಳಿಗೆ ಬೋರ್ಡ್ ಬರೆಯುವವರ ಅಂಗಡಿಯ ಉಳಿಕೆ ಫೋಮ್ ಶೀಟ್. ಲೇಸರ್ ಅಂಗಡಿಗೆ ಪಿವಿಸಿ ಒಯ್ಯಬೇಡಿ, ಕ್ಲೋರಿನ್ ಹೊಗೆ ಬರುವುದರಿಂದ ಅವರು ಮುಟ್ಟುವುದಿಲ್ಲ. ಅಲಗು ತಿರುಗಿಸಿ ಕತ್ತರಿಸುವ ರೂಟರ್ ಯಂತ್ರ ಇರುವಲ್ಲಿ ಹೋಗಿ. ಬಟ್ಟಲುಗಳಿಗೆ 32 ಮಿಲಿಮೀಟರ್ ಪೈಪನ್ನು ಉದ್ದಕ್ಕೆ ಸೀಳಿದ ಚೂರುಗಳು, ಒಟ್ಟು 20. ಅಂಟಿಸಲು ನೀರಿನ ಪೈಪಿಗೆ ಹಚ್ಚುವ ಅದೇ ಸಾಲ್ವೆಂಟ್. ಇನ್‌ಸ್ಟಂಟ್ ಅಂಟು ಬಳಸಿದವರ ಬಟ್ಟಲುಗಳು ಮಳೆಗಾಲಕ್ಕೆ ಮುನ್ನವೇ ಉದುರಿದ್ದನ್ನು ಕಂಡಿದ್ದೇನೆ. ಸಮತೋಲಕ್ಕೆ ಮೀನುಗಾರರ ಬಲೆಯ ಸೀಸದ ಗುಂಡು, ಎರಡೋ ಮೂರೋ ಸಾಕು. ಕೊನೆಗೆ ಗೋಣಿಬಣ್ಣ, ಕಪ್ಪು, ಬೂದಿ ಹೊಡೆದರೆ ಹಳೆಯ ಮರ ಎಂದೇ ಕಾಣುತ್ತದೆ.

ಬಟ್ಟಲಿನ ತಳಕ್ಕೆ 2 ಮಿಲಿಮೀಟರಿನ ತೂತು ಕೊರೆಯುವುದನ್ನು ಮರೆಯಬೇಡಿ. ಸಣ್ಣ ಬಾಯಿಯ ಬಟ್ಟಲಿಗೆ ನೀರು ನುಗ್ಗಿದಾಗ ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ ನೀರು ಎಗರಿ ಹೊರಬೀಳುತ್ತದೆ. ತೂತು ಚಕ್ರದ ಒಳಬದಿಗಿರಲಿ. ಬಟ್ಟಲನ್ನು ಯಾವ ಕೋನದಲ್ಲಿ ಕೂರಿಸಿದೆ ಎಂದು ಎಲ್ಲರೂ ಕೇಳುತ್ತಾರೆ. ಅದೊಂದನ್ನು ಹೇಳುವುದಿಲ್ಲ; ಆ ಕೋನ ಹುಡುಕಲು ನನಗೆ ಒಂದು ಬೇಸಿಗೆ ಪೂರ್ತಿ ಹಿಡಿದಿದೆ.

ಚಕ್ರದ ನಡುವಿನ ಅಚ್ಚಿಗೆ 4 ಮಿಲಿಮೀಟರಿನ ಸ್ಟೇನ್‌ಲೆಸ್ ಸರಳು, ಎರಡು ಕಡೆ ಅದು ಕೂತು ತಿರುಗಲು ಟೆಫ್ಲಾನ್ ಬುಷ್. ಬಾಲ್ ಬೇರಿಂಗ್ ನಮ್ಮ ಕರಾವಳಿಯ ಗಾಳಿಗೆ ಮಳೆ ಹೊಯ್ಯುವ ಒಂದು ಆಟಿ ತಿಂಗಳೂ ಬಾಳುವುದಿಲ್ಲ. ಬುಷ್‌ನ ತೂತು ಕಾಲು ಮಿಲಿಮೀಟರಿನಷ್ಟು ಸಡಿಲವೇ ಇರಲಿ.

ದಂಬೆಯ ತುದಿ ಇನ್ನೊಂದು ತಲೆನೋವು. ನೀರು ತುದಿಯಿಂದ ನೆಟ್ಟಗೆ ಬೀಳದೆ ದಂಬೆಯ ಅಡಿಗೇ ಅಂಟಿಕೊಂಡು ಹಿಂದಕ್ಕೆ ಹರಿದು ಗೋಡೆಯನ್ನು ತೋಯಿಸುತ್ತದೆ. ಸಾಬೂನು ಹಾಕಿದರೆ ಸರಿಹೋಗುತ್ತದೆ, ಅಂಟುವಾಳ ಹಾಕಿದರೆ ಇನ್ನೂ ಒಳ್ಳೆಯದು ಎಂದರು. ಅಂಟುವಾಳ ಮೀನಿಗೆ ವಿಷ, ತೊಟ್ಟಿಯಲ್ಲಿ ಮೀನಿದೆ. ಹಳೆಯ ತಾಮ್ರದ ತಗಡಿನ ತೆಳು ನಾಲಗೆಯೊಂದನ್ನು ತುದಿಗೆ ಸಿಕ್ಕಿಸಿ, ಅದರ ಅಂಚನ್ನು ಅರದಿಂದ ಹರಿತ ಮಾಡಿ, ಸ್ವಲ್ಪ ಕೆಳಕ್ಕೆ ಬಾಗಿಸಿದೆ. ಅಂಟುವುದು ಅಲ್ಲಿಗೆ ನಿಂತಿತು. ನೀರು ಚಕ್ರದ ನೆತ್ತಿಯನ್ನು ದಾಟಿ ಎರಡನೆಯ ಬಟ್ಟಲಿಗೆ ಬೀಳಬೇಕು. ನೆತ್ತಿಗೇ ಬಿದ್ದರೆ ಚಕ್ರಕ್ಕೆ ಯಾವ ಕಡೆ ತಿರುಗಬೇಕೆಂದು ತಿಳಿಯುವುದಿಲ್ಲ.

ಈಗ ವೇಗದ ವಿಷಯ. ಗೆಳೆಯರು ಹೇಳಿದಂತೆಯೇ ಮೊದಲಿಗೆ ಚಕ್ರ ನಿಮಿಷಕ್ಕೆ 60 ಸುತ್ತು ಮೀರಿ ಓಡಿ ಹಳಿಯವರೆಗೆ ನೀರು ಚಿಮ್ಮಿಸಿತು. ಎಲ್ಲರೂ ಆಗ ಮಾಡುವುದು ನೀರು ತಗ್ಗಿಸುವುದನ್ನು. ತಗ್ಗಿಸಿದರೆ ಚಕ್ರ ನಿಧಾನವಾಗುವುದಿಲ್ಲ, ಕುಂಟುತ್ತದೆ: ಒಂದು ಬಟ್ಟಲು ತುಂಬುವವರೆಗೆ ಕಾಯುತ್ತದೆ, ತುಂಬಿದೊಡನೆ ಜಿಗಿಯುತ್ತದೆ. ನಿಜವಾದ ಗಿರಣಿಯ ಚಕ್ರ ನಿಧಾನವಾಗಿ ತಿರುಗುವುದು ನೀರು ಕಡಿಮೆಯಾಗಿ ಅಲ್ಲ, ಬೀಸುಕಲ್ಲಿನ ಹೊರೆ ಇದ್ದುದರಿಂದ. ನನ್ನ ಚಕ್ರಕ್ಕೂ ಹೊರೆ ಬೇಕಿತ್ತು. ಇಡೀ ಕೆಲಸದ ಗುಟ್ಟು ಇಷ್ಟೇ.

ಹೊರೆ ಎಂದರೆ ಬ್ರೇಕ್ ಅಲ್ಲ. ಅಚ್ಚಿಗೆ ಫೆಲ್ಟ್ ಒತ್ತಿ ನೋಡಿದೆ: ಒಣಗಿದ್ದಾಗ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ, ತೊಯ್ದಾಗ ಬಿಟ್ಟುಬಿಡುತ್ತದೆ. ಕೆಟ್ಟ ಹಾರ್ಡ್ ಡಿಸ್ಕಿನ ಅಯಸ್ಕಾಂತ ತೆಗೆದು ಚಕ್ರದ ಜೊತೆ ತಿರುಗುವ ಅಲ್ಯೂಮಿನಿಯಂ ತಟ್ಟೆಯ ಎದುರು ಇಟ್ಟೆ. ಈ ಉಪಾಯ ಕಾಗದದ ಮೇಲೆ ಬಹಳ ಸುಂದರ; ಆದರೆ ಅದರ ತಡೆ ವೇಗ ಹೆಚ್ಚಿದ್ದಲ್ಲಿ ಮಾತ್ರ, ನಮ್ಮ ನಿಧಾನದ ಚಕ್ರವನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಹಾಗಾದರೆ ಡೈನಮೋ ಕೂರಿಸಿ ಗಿರಣಿಯೊಳಗೆ ದೀಪವನ್ನೇ ಹಚ್ಚೋಣ ಎಂದು ಹಳೆಯ ಪ್ರಿಂಟರಿನ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟಾರಿಗೆ ಗೇರ್ ಕಟ್ಟಿದೆ. ಎಲ್‌ಇಡಿ ಮಿಣುಕಿತು, ಸುಳ್ಳಲ್ಲ. ಆದರೆ ಆ ಮೋಟಾರಿನ ಒಳಗಿನ ಅಯಸ್ಕಾಂತ ಹಲ್ಲು ಹಲ್ಲಿಗೂ ತಡೆದು ಚಕ್ರವನ್ನು ಮತ್ತೆ ಕುಂಟಿಸಿತು. ನಿಮಿಷಕ್ಕೆ ಎರಡೂವರೆ ಲೀಟರ್ ನೀರು 18 ಸೆಂಟಿಮೀಟರ್ ಬಿದ್ದರೆ ಸಿಗುವ ಶಕ್ತಿ ಒಂದು ವಾಟ್‌ನ ಹತ್ತರಲ್ಲೊಂದು ಪಾಲೂ ಇಲ್ಲ. ದೀಪದ ಆಸೆಗೆ ಬೆಳ್ತಂಗಡಿಯ ಯಾವುದಾದರೂ ಗುಡ್ಡದ ತೊರೆಯೇ ಬೇಕು.

ಕೊನೆಗೆ ಒದಗಿದ್ದು ಎಣ್ಣೆ. ಗಿರಣಿಯೊಳಗೆ ಚಿಕ್ಕ ಮುಚ್ಚಳದ ಡಬ್ಬಿ, ಅದರಲ್ಲಿ ಎಣ್ಣೆ, ಎಣ್ಣೆಯಲ್ಲಿ ಮುಳುಗಿ ತಿರುಗುವ ಒಂದು ತಟ್ಟೆ. ತಟ್ಟೆಗೂ ಡಬ್ಬಿಯ ತಳಕ್ಕೂ ಒಂದು ಮಿಲಿಮೀಟರ್ ಸಂದು. ಚಕ್ರ ಜೋರು ಮಾಡಿದರೆ ಎಣ್ಣೆಯೂ ಜೋರಾಗಿ ಎಳೆಯುತ್ತದೆ, ಚಕ್ರ ಮೆತ್ತಗಾದರೆ ಎಣ್ಣೆಯೂ ಮೆತ್ತಗಾಗುತ್ತದೆ. ಅಡುಗೆಮನೆಯಿಂದ ತೆಂಗಿನೆಣ್ಣೆ ತಂದೆ. ಅದು ತೀರಾ ತೆಳು, ಆದ್ದರಿಂದ ಗೇರ್ ಕಟ್ಟಿ ತಟ್ಟೆಯನ್ನು ಚಕ್ರದ ಒಂಬತ್ತು ಪಟ್ಟು ವೇಗದಲ್ಲಿ ತಿರುಗಿಸಬೇಕಾಯಿತು. ನವೆಂಬರಿನವರೆಗೆ ಚೆನ್ನಾಗಿ ನಡೆಯಿತು. ಡಿಸೆಂಬರಿನ ಒಂದು ಬೆಳಿಗ್ಗೆ ಚಕ್ರ ಅಲುಗಲಿಲ್ಲ. ಬಟ್ಟಲು ತುಂಬಿ ಸುರಿಯುತ್ತಿದ್ದರೂ ಅಲುಗಲಿಲ್ಲ. 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಈ ಕರಾವಳಿಯ ಪ್ರತಿಯೊಬ್ಬರೂ ಬಲ್ಲರು, ಮನೆಯವರು ಅದನ್ನು ಇವತ್ತಿಗೂ ನನಗೆ ನೆನಪಿಸುತ್ತಾರೆ.

ಹರಳೆಣ್ಣೆ ಮುಂದಿನದ್ದು. ಅದು ದಪ್ಪ, ಹಾಗಾಗಿ ಗೇರ್ ಮೂರು ಪಟ್ಟಿಗೆ ಇಳಿಯಿತು, ಹಲ್ಲುಗಳ ಕಿರಿಕಿರಿಯೂ ಕಡಿಮೆಯಾಯಿತು. ಆದರೆ ಬಿಸಿಲೇರಿದಂತೆ ಹರಳೆಣ್ಣೆ ತೆಳುವಾಗುತ್ತದೆ: ಬೆಳಿಗ್ಗೆ ಎಂಟು ಸುತ್ತು, ಮಧ್ಯಾಹ್ನ ಹದಿನಾರು. ಗಿರಣಿಯವನಿಗೆ ಊಟದ ಹೊತ್ತಿನಲ್ಲಿ ಅಷ್ಟು ಅವಸರ ಯಾಕೆ? ರಿಮೋಟ್ ಕಾರುಗಳಿಗೆ ಬಳಸುವ ಸಿಲಿಕೋನ್ ಎಣ್ಣೆ ಬಿಸಿಲಿಗೆ ಅಷ್ಟಾಗಿ ಬದಲಾಗುವುದಿಲ್ಲ. ಒಂದು ಪುಟ್ಟ ಸೀಸೆಗೆ ಅಂಚೆ ಖರ್ಚೂ ಸೇರಿ 500ರ ಸುಮಾರು. ಎರಡು ಬೇರೆ ಬೇರೆ ದಪ್ಪದ ಸೀಸೆ ತರಿಸಿ ಬೆರೆಸಿದ್ದೇನೆ. ಪ್ರಮಾಣ ಕೇಳಬೇಡಿ, ನಿಮ್ಮ ತಟ್ಟೆಯ ಗಾತ್ರಕ್ಕೆ ಅದು ಹೊಂದುವುದೂ ಇಲ್ಲ. ಅಂದಿನಿಂದ ಚಕ್ರ ಬೆಳಿಗ್ಗೆ 11, ಮಧ್ಯಾಹ್ನ 12.

ಪಂಪ್ ಕೂಲರಿನದ್ದು, 18 ವಾಟ್. ಡಬ್ಬದ ಮೇಲೆ ಗಂಟೆಗೆ ಸಾವಿರ ಲೀಟರ್ ಎಂದಿದೆ. ಮುಕ್ಕಾಲು ಮೀಟರ್ ಎತ್ತಿದರೆ ಅರ್ಧವೂ ಬರುವುದಿಲ್ಲ. ಬಂದದ್ದೂ ಹೆಚ್ಚೇ ಆದ್ದರಿಂದ ಟಿ ಆಕಾರದ ಪೈಪ್ ಜೋಡಣೆ ಹಾಕಿ ಉಳಿದ ನೀರನ್ನು ಪಕ್ಕದ ಅಬ್ಬಿಗೆ ಬಿಟ್ಟಿದ್ದೇನೆ. ದಂಬೆಯ ಕೆಳಗೆ ಒಂದು ಲೀಟರಿನ ಬಾಟಲಿ ಹಿಡಿದು, 25 ಸೆಕೆಂಡಿಗೆ ತುಂಬುವಂತೆ ವಾಲ್ವ್ ತಿರುಗಿಸಿದರೆ ನನ್ನ ಚಕ್ರಕ್ಕೆ ಸರಿ. ಕರೆಂಟು ಸೋರಿದೊಡನೆ ಕಡಿದುಬಿಡುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ತೊಟ್ಟಿಗೆ ಕೈ ಹಾಕಬೇಡಿ. ನಮ್ಮ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ದಂಬೆಯಲ್ಲಿ ಕೆಂಪು ಲೋಳೆ ಕಟ್ಟುತ್ತದೆ. ಮಳೆನೀರು ಹಿಡಿದಿಟ್ಟು ತುಂಬಿಸಿದ ಮೇಲೆ ಆ ಕಾಟ ತಗ್ಗಿದೆ.

ನೆರೆಯವರ ಆಕ್ಷೇಪ ಸೊಳ್ಳೆಯದ್ದು. ಮಲೇರಿಯಾ, ಡೆಂಗಿ ಎರಡನ್ನೂ ಕಂಡ ಜಿಲ್ಲೆಗಳು ನಮ್ಮವು, ಆಕ್ಷೇಪ ನ್ಯಾಯವಾದದ್ದೇ. ತೊಟ್ಟಿಗೆ ಗಪ್ಪಿ ಬಿಟ್ಟೆ. ಅವು ಪಂಪಿನ ಬಾಯಿಗೆ ಸಿಗದಂತೆ ಸ್ಪಂಜು ಸುತ್ತಿದರೆ ಆಯಿತು, ವಾರಕ್ಕೊಮ್ಮೆ ಅದನ್ನು ಹಿಂಡಬೇಕು. ಈಗ ನೆರೆಯವರ ಮಕ್ಕಳೇ ಬಂದು ಗಪ್ಪಿ ಕೇಳುತ್ತಾರೆ.

ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಜವಾದ ಮುರಕಲ್ಲನ್ನು ಚಿಕ್ಕದಾಗಿ ಕತ್ತರಿಸಲು ಹೋಗಬೇಡಿ, ಅದರ ತೂತುಗಳೇ ಕಿಟಕಿಯಷ್ಟು ದೊಡ್ಡವು. ಮುರಕಲ್ಲಿನ ಹುಡಿ ಮೂರು ಪಾಲು, ಸಿಮೆಂಟ್ ಒಂದು ಪಾಲು. ಅರೆ ಹಸಿಯಿರುವಾಗ ತಂತಿಯ ಬ್ರಷ್‌ನಿಂದ ಚುಚ್ಚಿ, ಗೆರೆ ಎಳೆಯಿರಿ. ಮಾಡಿಗೆ ಮಂಗಳೂರು ಹಂಚು, ಒಂದೊಂದೂ 18 ಮಿಲಿಮೀಟರ್ ಉದ್ದ, ಏಳುನೂರರ ಹತ್ತಿರ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಊರಿನ ಪಕ್ಕದವನು ಪ್ಲಾಸ್ಟಿಕ್ ಹಾಳೆಯ ಮಾಡು ಹೊದಿಸಿದರೆ ಹೇಗೆ? ಒಡೆದ ಹಂಚನ್ನು ಕುಟ್ಟಿ ಜರಡಿ ಹಿಡಿದು, ದೋಣಿಗೆ ಬಳಿಯುವ ರೆಸಿನ್‌ನಲ್ಲಿ ಕಲಸಿ, ಸಿಲಿಕೋನ್ ಅಚ್ಚಿನಲ್ಲಿ ಹತ್ತು ಹತ್ತರ ಪಟ್ಟಿಯಾಗಿ ಎರಕ ಹೊಯ್ದೆ. ಬಣ್ಣ ಬಳಿಯುವ ಕೆಲಸವೇ ಬರಲಿಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ. ರೂಟರಿಗೆ 700, ಲೇತ್‌ನವರಿಗೆ ಅಚ್ಚು, ಬುಷ್ ಸೇರಿ 450, ಪಂಪಿಗೆ 650, ಗುಜರಿಯ ಪ್ರಿಂಟರಿಗೆ 150, ಎಣ್ಣೆಗೆ ಸಾವಿರ, ಹಂಚಿನ ಅಚ್ಚು ಮತ್ತು ರೆಸಿನ್‌ಗೆ ಎರಡೂವರೆ ಸಾವಿರ, ಸಿಮೆಂಟು, ಪೈಪು, ಆರ್‌ಸಿಸಿಬಿ ಇತ್ಯಾದಿಗೆ ಮೂರು ಸಾವಿರ. ಉಪಯೋಗಕ್ಕೆ ಬಾರದೆ ಅಟ್ಟ ಸೇರಿದ ಚಕ್ರಗಳು, ಬೇರಿಂಗು, ಬ್ಲೇಡುಗಳ ಲೆಕ್ಕ ಮೂರು ಸಾವಿರಕ್ಕೆ ಕಡಿಮೆಯಿಲ್ಲ. ಆದರೂ ಕಿಟ್‌ನ ಅರ್ಧ ಬೆಲೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಕ್ರವನ್ನೂ ಎಣ್ಣೆಯ ಡಬ್ಬಿಯನ್ನೂ ಬಿಚ್ಚಿ ಒಳಗಿಡುತ್ತೇನೆ. ಅದಕ್ಕೆಂದೇ ಬುಷ್‌ಗಳ ಮೇಲ್ಭಾಗ ತೆರೆದಿದೆ, ಅಚ್ಚನ್ನು ಎತ್ತಿದರೆ ಬರುತ್ತದೆ. ತೊಟ್ಟಿಗೆ ಒಂದೂವರೆ ಇಂಚಿನ ಹೊರಹರಿವಿನ ಪೈಪ್ ಇಟ್ಟಿದ್ದೇನೆ, ಹೋದ ಮಳೆಗಾಲದಲ್ಲಿ ಅದೂ ಸಾಲದೆ ಹಳಿಯ ಜಲ್ಲಿ ಕೊಚ್ಚಿಹೋಯಿತು. ಈ ಸಲ ಎರಡು ಇಂಚಿನದ್ದು ಹಾಕುತ್ತಿದ್ದೇನೆ. ಮೋಟಾರ್ ಹಾಕು ಎಂದಿದ್ದ ಗೆಳೆಯರೊಬ್ಬರು ಮೊನ್ನೆ ಎಣ್ಣೆ ಡಬ್ಬಿಯ ಅಳತೆ ಬರೆದುಕೊಂಡು ಹೋಗಿದ್ದಾರೆ. ಬಟ್ಟಲಿನ ಕೋನವನ್ನು ಅಳೆಯಲು ಕೋನಮಾಪಕವನ್ನೂ ಜೇಬಿನಲ್ಲಿ ತಂದಿದ್ದರು. ಚಕ್ರ ಆ ಹೊತ್ತಿಗೆ ಒಳಗಿನ ಕಪಾಟಿನಲ್ಲಿತ್ತು, ಬೀಗದ ಕೈ ನನ್ನ ಬಳಿ ಇತ್ತು.